ಹಾಸನದ ಕಡೆಯಿಂದ ಹೋಗಿ ಮೆಟೀರಿಯಲ್ಸ್ ಪ್ರೊಫೆಸರ್ ಆಗುವುದು ಹೇಗೆ

ಲೋಹ ಮತ್ತಿತರ ವಸ್ತುಗಳ ಒಳರಚನೆ ಓದುವ ಮೆಟೀರಿಯಲ್ಸ್ ವಿಭಾಗದಲ್ಲಿ ಪ್ರೊಫೆಸರ್, ಆಮೇಲೆ ಕಾಲೇಜಿನ ಆಡಳಿತ ನೋಡುವ ಡೀನ್ ಆಗುವುದು ಹೇಗೆ ಅಂತ ಕೇಳುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಒಂದೇ: ಮೊದಲು ಒಂದು ಸಂಜೆ ಕುಲುಮೆ ಹತ್ತಿರ ಹೋಗಿ ಕೂತುಕೊಳ್ಳಿ. ಸಕಲೇಶಪುರದ ಕಡೆ ತೋಟದ ಕತ್ತಿಗೆ ಹದ ಕೊಡುವವರು ಇನ್ನೂ ಇದ್ದಾರೆ. ಕೆಂಪಗೆ ಕಾದ ಕತ್ತಿಯನ್ನು ನೀರಿಗೆ ಅದ್ದಿದರೆ ಗಡುಸಾಗುತ್ತದೆ, ಆದರೆ ಕಲ್ಲಿಗೆ ತಾಗಿದರೆ ಚಟ್ ಅಂತ ಮುರಿಯುತ್ತದೆ. ಅದಕ್ಕೇ ಅಂಚನ್ನು ಉಜ್ಜಿ ಹೊಳಪು ಬರಿಸಿ, ಮತ್ತೆ ಸ್ವಲ್ಪ ಕಾಯಿಸುತ್ತಾರೆ. ಒಣಹುಲ್ಲಿನ ಬಣ್ಣ ಬಂದರೆ ಸುಮಾರು 220 ಡಿಗ್ರಿ, ನೀಲಿ ಬಂದರೆ ಸುಮಾರು 300. ಥರ್ಮಾಮೀಟರ್ ಇಲ್ಲ, ಕಣ್ಣೇ ಎಲ್ಲ. ಕಬ್ಬಿಣ ಅದೇ, ಬದಲಾಗಿದ್ದು ಒಳಗಿನ ಕಟ್ಟು. ಇದು ಯಾಕೆ ಹೀಗೆ ಅಂತ ರಾತ್ರಿ ತಲೆಯಲ್ಲಿ ಕೊರೆಯದಿದ್ದರೆ ಬೇರೆ ಬ್ರಾಂಚ್ ನೋಡಿ, ಬೇಜಾರಿಲ್ಲ.

ಬಿಇಗೆ ಮೆಕ್ಯಾನಿಕಲ್ ಸಾಕು. 1960ರಲ್ಲಿ ಶುರುವಾದ ನಮ್ಮ ಮಲೆನಾಡು ಇಂಜಿನಿಯರಿಂಗ್ ಕಾಲೇಜಾದರೂ ಆಯಿತು, ಚಿಕ್ಕಮಗಳೂರಿನ ಇಂಜಿನಿಯರಿಂಗ್ ಕಾಲೇಜು ಎಐಟಿ ಆದರೂ ಆಯಿತು. ಮೊದಲಿಂದಲೇ ಮೆಟಲರ್ಜಿ, ಅಂದರೆ ಲೋಹಶಾಸ್ತ್ರ, ಬೇಕು ಅಂದರೆ ಜೆಇಇ ಬರೆದು ಸುರತ್ಕಲ್‌ನ ಎನ್‌ಐಟಿಗೆ ಹೋಗಿ. ಆಮೇಲೆ ಎಂಟೆಕ್, ಪಿಎಚ್‌ಡಿ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆ. ಅದರಲ್ಲಿ ಮೆಟಲರ್ಜಿಗೆ ಬೇರೆ ಪೇಪರ್ ಇದೆ, ಇಂಜಿನಿಯರಿಂಗ್ ಸೈನ್ಸಸ್‌ನ ಎಕ್ಸ್‌ಇ ಪೇಪರ್‌ನಲ್ಲಿ ಮೆಟೀರಿಯಲ್ಸ್ ಭಾಗವೂ ಇದೆ. ಸ್ಕೋರು ಮೂರು ವರ್ಷ ನಡೆಯುತ್ತದೆ.

ಪಿಎಚ್‌ಡಿ ಮಾಡುವವರಿಗೆ ಸಿಗುವ ಜೆಆರ್‌ಎಫ್ ಎಂಬ ಫೆಲೋಶಿಪ್‌ನ ದರ 2023ರಿಂದ ತಿಂಗಳಿಗೆ 37,000 ರೂಪಾಯಿ. ಈ ಸಂಗತಿ ಮನೆಯಲ್ಲಿ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಪ್ರತಿ ಮದುವೆಮನೆಯಲ್ಲೂ "ಇನ್ನೂ ಓದ್ತಾನೇ ಇದೀಯಾ?" ಕೇಳಬೇಕಾಗುತ್ತದೆ.

ಗೈಡ್ ಆರಿಸುವಾಗ ಸುಮ್ನೆ ಟಾಪಿಕ್ ನೋಡಿ ಮರುಳಾಗಬೇಡಿ. ನಾನು ಮರುಳಾದೆ, ಎರಡು ವರ್ಷ ಹೋಯಿತು. ಆ ಲ್ಯಾಬಿನ ಹಳೇ ಹುಡುಗರನ್ನು ಕ್ಯಾಂಟೀನಿಗೆ ಕರೆದು, ಮುಗಿಸಲು ಎಷ್ಟು ವರ್ಷ ಹಿಡಿಯಿತು, ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಎಷ್ಟು ದಿನ ಕಾಯಬೇಕು, ಸರ್ ಡ್ರಾಫ್ಟ್ ಓದುತ್ತಾರಾ ಅಂತ ಕೇಳಿ. ಉತ್ತರಕ್ಕಿಂತ ಅವರ ಮುಖ ಜಾಸ್ತಿ ಹೇಳುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡುವ ಮೊದಲು ಲೋಹದ ಸ್ಯಾಂಪಲ್ ಪಾಲಿಶ್ ಮಾಡುವ ಕೆಲಸವನ್ನು ಬೇರೆಯವರಿಗೆ ಬಿಡಬೇಡಿ. ಎಮರಿ ಪೇಪರ್ (ಉಜ್ಜುವ ಮರಳು ಕಾಗದ) ಬದಲಿಸಿದಾಗೆಲ್ಲ ಸ್ಯಾಂಪಲ್ಲನ್ನು 90 ಡಿಗ್ರಿ ತಿರುಗಿಸಿ, ಹಿಂದಿನ ಗೀರು ಪೂರ್ತಿ ಹೋಗುವವರೆಗೆ ಉಜ್ಜಬೇಕು. ಬೇಜಾರಿನ ಕೆಲಸವೇ, ಆದರೆ ಮುಂದೆ ವಿದ್ಯಾರ್ಥಿ ತಂದ ಫೋಟೋದಲ್ಲಿ ಯಾವುದು ಬಿರುಕು, ಯಾವುದು ಬರೀ ಗೀರು ಅಂತ ಗೊತ್ತಾಗುವುದು ಇದರಿಂದಲೇ.

ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ನಿಯಮದಂತೆ ಪ್ರೊಫೆಸರ್ ಆಗಲು ಪಿಎಚ್‌ಡಿ ಜೊತೆಗೆ ಕನಿಷ್ಠ 10 ವರ್ಷದ ಅನುಭವ ಬೇಕು, ಪ್ರಕಟವಾದ ಸಂಶೋಧನಾ ಪೇಪರ್‌ಗಳೂ ಬೇಕು. ಡೀನ್‌ಗಿರಿಗೆ ಬೇರೆ ಡಿಗ್ರಿ ಏನೂ ಇಲ್ಲ. ಹಿರಿಯ ಪ್ರೊಫೆಸರ್‌ಗಳಲ್ಲಿ ಒಬ್ಬರ ಹೆಗಲಿಗೆ ಬೀಳುತ್ತದೆ, ಅಷ್ಟೇ. ಬಿದ್ದ ದಿನದಿಂದ ಕೋರ್ಸಿಗೆ ಮಾನ್ಯತೆ ಕೊಡುವ ಎನ್‌ಬಿಎಯ ಫೈಲು, ಟೈಮ್‌ಟೇಬಲ್ ಜಗಳ, ಹಾಸ್ಟೆಲ್ ನೀರು. ಆಗ ಮಂಗಳವಾರ ಮಧ್ಯಾಹ್ನ ಲ್ಯಾಬಿಗೆ ಅಂತ ಡೈರಿಯಲ್ಲಿ ಬರೆದಿಟ್ಟುಬಿಡಿ. ಯಾರು ಮೀಟಿಂಗಿಗೆ ಕರೆದರೂ "ಕ್ಲಾಸ್ ಇದೆ" ಅನ್ನಿ.