ಅಮೆರಿಕಕ್ಕೆ ಹೊರಟವರು ಮೊದಲು ಹೆಸರು ನೋಡಿಕೊಳ್ಳಿ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಿಂದ ಇಲ್ಲಿಗೆ ಬರುವ ನಮ್ಮವರು ಹುರಿಹಿಟ್ಟು, ಹುಳಿಪುಡಿಗಳನ್ನು ತೂಗಿ ತೂಗಿ ಪೆಟ್ಟಿಗೆಗೆ ತುಂಬುತ್ತಾರೆ. ಪಾಸ್‌ಪೋರ್ಟಿನ ಸರ್‌ನೇಮ್ ಕಾಲಮ್ಮಿನಲ್ಲಿ ಏನಿದೆಯೆಂದು ಮಾತ್ರ ನೋಡುವುದಿಲ್ಲ. ನಾವು ಬಂದ ಕಾಲದಲ್ಲಿ ನಾವೂ ನೋಡಲಿಲ್ಲ.

ನಮ್ಮ ಕಡೆ ಊರೂ ತಂದೆಯ ಹೆಸರೂ ಇನಿಷಿಯಲ್‌ಗಳಾಗಿ ಹೆಸರಿನ ಮುಂದೆ ನಿಲ್ಲುತ್ತವೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಪೂರ್ವಿಕರ ಮೋಕ್ಷಗುಂಡವನ್ನು, ಮುಳಬಾಗಿಲಿನಲ್ಲಿ ಹುಟ್ಟಿದ ಗುಂಡಪ್ಪನವರು ದೇವನಹಳ್ಳಿಯನ್ನು, ಬೆಂಗಳೂರಿನಲ್ಲಿ ಹುಟ್ಟಿದ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರು ಚಿಂತಾಮಣಿಯನ್ನು ಮುಂದಿಟ್ಟುಕೊಂಡೇ ಹೆಸರಾದರು. ಅಮೆರಿಕದ ಅರ್ಜಿಗೆ ಈ ಲೆಕ್ಕ ತಿಳಿಯದು; ಅದಕ್ಕೆ ಬೇಕಾದುದು ಮನೆತನದ ಕಡೆಯ ಹೆಸರು.

ಆ ಕಾಲಮ್ ಖಾಲಿಯಿದ್ದರೆ, ಇರುವ ಒಂದೇ ಹೆಸರು ವೀಸಾದಲ್ಲಿ ಸರ್‌ನೇಮಿನ ಜಾಗಕ್ಕೆ ಹೋಗಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು, ಅಂದರೆ ಮೊದಲ ಹೆಸರು ಗೊತ್ತಿಲ್ಲವೆಂದು ಅಚ್ಚಾಗುತ್ತದೆ. ಅದು ಡ್ರೈವಿಂಗ್ ಲೈಸೆನ್ಸಿಗೂ ಬ್ಯಾಂಕಿನ ಕಾರ್ಡಿಗೂ ಹಬ್ಬುತ್ತದೆ. ದಂತವೈದ್ಯರ ಕೋಣೆಯಿಂದ ‘ಫ್ನೂ, ಫ್ನೂ’ ಎಂದು ಕೂಗಿದಾಗ ಎದ್ದು ನಿಲ್ಲುವವರು ಶ್ರೀನಿವಾಸಪುರದ ನರಸಿಂಹಮೂರ್ತಿಗಳಾಗಿರುತ್ತಾರೆ. ಒಂದೇ ಕಚೇರಿಯಲ್ಲಿ ಇಂಥ ಇಬ್ಬರಿದ್ದರೆ, ಫ್ನೂ ಎಂಬುದು ಭಾರತದಲ್ಲಿ ಬಲು ಜನಪ್ರಿಯ ಹೆಸರೆಂದೇ ಇಲ್ಲಿಯವರು ನಂಬುತ್ತಾರೆ. ದಾರಿಯಲ್ಲಿ ದುಬೈ ನೋಡಿಕೊಂಡು ಬರುವ ಆಸೆಯಿದ್ದವರು ತಿಳಿದಿರಲಿ, ಪ್ರವಾಸಿ ವೀಸಾಗೆ ಬರಿಯ ಒಂದೇ ಹೆಸರು ಸಾಲದೆಂದು ಅಲ್ಲಿಯ ಸರ್ಕಾರ 2022ರ ನವೆಂಬರಿನಲ್ಲಿ ನಿಯಮ ತಂದಿತು.

ತಂದೆಯ ಹೆಸರನ್ನು ತುಂಬಿಕೊಂಡು ಬಂದವರ ಪಾಡು ಇನ್ನೂ ಸ್ವಾರಸ್ಯವಾದುದು. ಔಷಧಿ ಅಂಗಡಿಯ ಹುಡುಗಿ ‘ಮಿಸ್ಟರ್ ಮುನಿವೆಂಕಟಪ್ಪ’ ಎಂದು ಕೂಗಿದರೆ, ಅಪ್ಪ ಯಾವಾಗ ಬಂದರೆಂದು ಹಿಂತಿರುಗಿ ನೋಡುವಂತಾಗುತ್ತದೆ. ಮಾವನ ಹೆಸರನ್ನು ಬಾಯಿಬಿಟ್ಟು ಹೇಳದ ಮನೆಯ ಸೊಸೆಗೆ ಅದನ್ನೇ ಫೋನಿನಲ್ಲಿ ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳುವ ಸರದಿ ಬರುತ್ತದೆ. ಗಂಡನಿಗೆ ಅವನ ತಂದೆಯ ಹೆಸರು, ಹೆಂಡತಿಗೆ ಅವಳ ತಂದೆಯದು, ಮಗುವಿಗೆ ಗಂಡನದು ಎಂದಾಗಿ ಮೂವರಿರುವ ಮನೆಗೆ ಮೂರು ಸರ್‌ನೇಮುಗಳು. ನೀವೆಲ್ಲ ಒಂದೇ ಕುಟುಂಬದವರೇ ಎಂದು ವಿಮಾನ ನಿಲ್ದಾಣದ ಅಧಿಕಾರಿ ಕೇಳಿದರೆ ಸಿಟ್ಟಾಗಬೇಡಿ. ಐಸ್‌ಲ್ಯಾಂಡಿನಲ್ಲಿ ತಂದೆಯ ಹೆಸರೇ ಮಕ್ಕಳ ಕಡೆಯ ಹೆಸರಿಗೆ ಆಧಾರ, ಟೆಲಿಫೋನ್ ಡೈರೆಕ್ಟರಿಯಲ್ಲಿಯೂ ಜನರನ್ನು ಸ್ವಂತ ಹೆಸರಿನಿಂದಲೇ ಹುಡುಕುತ್ತಾರೆ. ನಾವು ಅಲ್ಲಿಗೇ ಹೋಗಬೇಕಿತ್ತೇನೋ, ಚಳಿಯೊಂದನ್ನು ತಡೆದುಕೊಂಡಿದ್ದರೆ. ಗೌಡರ ಸಂಕಟವೇ ಬೇರೆ. ಹಾಲೆಂಡಿನ ‘ಗೌಡಾ’ ಚೀಸು ಪ್ರತಿ ಅಂಗಡಿಯಲ್ಲೂ ಇರುವುದರಿಂದ, ಆ ತಮಾಷೆಯನ್ನು ತಾವೇ ಕಂಡುಹಿಡಿದಂತೆ ಹೇಳುವ ಒಬ್ಬರು ಎಲ್ಲ ಪಾರ್ಟಿಗಳಲ್ಲೂ ಸಿಗುತ್ತಾರೆ.

ನನಗೆ ನಗು ಬರದಿರುವುದು ಹೆಸರನ್ನು ತಾವಾಗಿಯೇ ತುಂಡರಿಸಿಕೊಳ್ಳುವವರನ್ನು ಕಂಡಾಗ. ಯಡಿಯೂರಿನ ಸಿದ್ಧಲಿಂಗೇಶ್ವರನಿಗೆ ಹರಕೆ ಹೊತ್ತು ಪಡೆದ ಮಗ ಸಿದ್ಧಲಿಂಗಯ್ಯ ಇಲ್ಲಿ ಮೊದಲ ವಾರದಲ್ಲೇ ‘ಸಿಡ್’ ಆಗುತ್ತಾನೆ, ಹನುಮಂತರಾಯಪ್ಪ ‘ಹ್ಯಾಂಕ್’ ಆಗುತ್ತಾನೆ, ಯಾರೂ ಹಾಗೆ ಆಗೆಂದು ಕೇಳಿರುವುದಿಲ್ಲ. ಎರಡು ಸಲ ನಿಧಾನವಾಗಿ ಹೇಳಿಕೊಟ್ಟರೆ ಸಹೋದ್ಯೋಗಿಗಳು ಕಲಿಯುತ್ತಾರೆ. ತಪ್ಪಾಗಿ ಅಂದರೂ ಪೂರ್ತಿ ಹೆಸರನ್ನೇ ಅನ್ನಲಿ. ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನದಂಥ ಕಡೆ ಅರ್ಚನೆಗೆ ನಿಂತು, ಅರ್ಚಕರು ಹೆಸರು, ನಕ್ಷತ್ರ ಕೇಳಿದಾಗ ಅಪ್ಪನ ಬಾಯಿಂದ ಹೊರಡುವ ಹೆಸರು ಯಾರದೆಂದು ಮಕ್ಕಳು ಬೆರಗಾಗಿ ನೋಡುವುದುಂಟು. ಅಜ್ಜಿ ಫೋನಿನಲ್ಲಿ ‘ಸಿದ್ಧಲಿಂಗ ಇದ್ದಾನಾ’ ಎಂದರೆ ‘ರಾಂಗ್ ನಂಬರ್’ ಎನ್ನುವ ಮೊಮ್ಮಗನನ್ನು ಬೈದು ಫಲವೇನು?

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ: ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ, ‘Tumakuru’ ಎಂಬ ಇಂಗ್ಲಿಷ್ ಕಾಗುಣಿತ ಅಧಿಕೃತವಾದದ್ದು 2014ರಲ್ಲಿ; ಹಾಗಾಗಿ ಹಳೆಯ ಜನನ ಪತ್ರವೂ ಪಾಸ್‌ಪೋರ್ಟೂ ಹೊಂದುತ್ತವೆಯೇ ಎಂದು ಊರಿನಲ್ಲಿರುವಾಗಲೇ ನೋಡಿ, ಸರ್‌ನೇಮನ್ನೂ ಅಲ್ಲಿಯೇ ಸರಿಪಡಿಸಿಕೊಳ್ಳಿ.

ಮಗು ಇಲ್ಲಿ ಹುಟ್ಟುವುದಾದರೆ ನಾಮಕರಣದವರೆಗೆ ಕಾಯೋಣವೆಂದುಕೊಳ್ಳಬೇಡಿ. ಮನೆಗೆ ಕಳುಹಿಸುವ ಮೊದಲೇ ಆಸ್ಪತ್ರೆಯವರು ಹೆಸರು ಬರೆಸಿಕೊಳ್ಳಲು ಬರುತ್ತಾರೆ. ಅವಸರದಲ್ಲಿ ಹಿರಿಯ ಮಗನಿಗೆ ಅಪ್ಪನ ಹೆಸರನ್ನು, ಕಿರಿಯವನಿಗೆ ಊರಿನ ಹೆಸರನ್ನು ಕಡೆಗಿಟ್ಟ ಮನೆಗಳನ್ನು ಕಂಡಿದ್ದೇನೆ. ಅಂಥ ಅಣ್ಣತಮ್ಮಂದಿರು ಒಂದೇ ಬಸ್ಸಿನಲ್ಲಿ ಹೋಗಿ ಬಂದರೂ, ಇವರು ಒಂದೇ ಮನೆಯವರೆಂದು ಪ್ರತಿ ವರ್ಷ ಶಾಲೆಗೆ ಬರೆದುಕೊಡುವ ಕೆಲಸ ತಾಯಿಯದಾಗಿದೆ.