ಕರ್ಕೊಂಡು ಹೋದವರು ಎಲ್ಲಿ ನಿಂತಿದ್ದರು?

ಚಿತ್ರದುರ್ಗದ ಕೋಟೆಗೆ ನೆಂಟರು ಬಂದರೆ ‘ಕರ್ಕೊಂಡು ಹೋಗಿ ತೋರಿಸಿದೆ’ ಅಂದುಬಿಡುತ್ತೇವೆ. ಅಷ್ಟರಲ್ಲೇ ಎಲ್ಲ ಬಂತು. ಅದನ್ನೇ ಇಂಗ್ಲಿಷಿನಲ್ಲಿ ಹೇಳಹೊರಟರೆ ಲೀಡ್, ಗೈಡ್, ಡೈರೆಕ್ಟ್, ಎಸ್ಕಾರ್ಟ್ ಎಲ್ಲವೂ ಅಡ್ಡ ಬಂದು ನಿಲ್ಲುತ್ತವೆ.

ಮೊದಲು, ನೀವು ಎಲ್ಲಿದ್ದಿರಿ ನೋಡಿಕೊಳ್ಳಿ. ನೀವು ಮುಂದೆ, ಉಳಿದವರು ಹಿಂದೆ ಆದರೆ ಲೀಡ್. ಒನಕೆ ಓಬವ್ವನ ಕಿಂಡಿಯಲ್ಲಿ ಬೇರೆ ಉಪಾಯವೇ ಇಲ್ಲ, ಒಬ್ಬರು ಮುಂದೆ ತೂರಲೇಬೇಕು. ನಿಂತಲ್ಲೇ ಕೈ ಚಾಚಿ ‘ಹಿಂಗೆ ಹೋಗಿ, ಎಡಕ್ಕೆ ತಿರುಗಿ’ ಅಂದರೆ ಡೈರೆಕ್ಟ್. ಕೋಟೆ ಬಾಗಿಲಲ್ಲಿ ಒಮ್ಮೆ ಇಬ್ಬರು ವಿದೇಶಿಯರಿಗೆ ‘ಐ ವಿಲ್ ಡೈರೆಕ್ಟ್ ಯು’ ಅಂದು ಹೊರಟೇಬಿಟ್ಟೆ. ಹತ್ತು ಹೆಜ್ಜೆ ಹೋಗಿ ತಿರುಗಿದರೆ ಅವರು ಅಲ್ಲೇ ನಿಂತಿದ್ದಾರೆ, ನಾನು ದಾರಿ ಹೇಳಲಿ ಅಂತ!

ಆಮೇಲೆ, ಜಾಗ ಗೊತ್ತಿರುವುದು ಮುಖ್ಯವಾ ಕೇಳಿಕೊಳ್ಳಿ. ಹೌದಾದರೆ ಗೈಡ್. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ ಅಂತ ತೋರಿಸಿ ಹೇಳುವವರು ಗೈಡ್. ಅವರು ಪಕ್ಕದಲ್ಲಿ ನಡೆದರೂ ಸರಿ, ಹಿಂದಿದ್ದರೂ ಸರಿ. ಪುಸ್ತಕವೂ ಗೈಡ್ ಮಾಡಬಹುದು. ಎಸ್ಸೆಸ್ಸೆಲ್ಸಿ ಗೈಡ್ ನೆನಪಿದೆ ಅಲ್ವಾ? ಆದರೆ ರಸ್ತೆ ಕೋಟೆಗೆ ‘ಲೀಡ್ಸ್’, ‘ಗೈಡ್ಸ್’ ಅಲ್ಲ. ಜಗಳಕ್ಕೆ ದಾರಿಯಾಗುವ ಮಾತಿಗೂ ಲೀಡೇ.

ಕಾವಲಿಗೋ ಮರ್ಯಾದೆಗೋ ಜೊತೆಗೆ ಹೋದರೆ ಎಸ್ಕಾರ್ಟ್. ಮಂತ್ರಿಗಳ ಕಾರಿನ ಜೊತೆ ಓಡುವ ಪೊಲೀಸ್ ಜೀಪು ಅದೇ. ಕಲ್ಯಾಣ ಮಂಟಪದ ಬಾಗಿಲಿಂದ ಕುರ್ಚಿವರೆಗೆ ಕರೆತಂದು ಕೂರಿಸಿದರೆ ಅಶರ್.

ಜಾಸ್ತಿ ಎಡವುವುದು ಮಿಸ್‌ಲೀಡ್, ಮಿಸ್‌ಗೈಡೆಡ್ ಹತ್ತಿರ. ಬೋರ್ಡಿನಲ್ಲಿ ‘ದಾವಣಗೆರೆ ಬೆಣ್ಣೆ ದೋಸೆ’ ಬರೆಸಿ ಕಾವಲಿಗೆ ಎಣ್ಣೆ ಸುರಿದರೆ ಅದು ಮಿಸ್‌ಲೀಡ್. ಗಿರಾಕಿ ಸುಳ್ಳು ನಂಬಿದ. ಏಪ್ರಿಲ್ ಬಿಸಿಲಲ್ಲಿ, ಮಟಮಟ ಮಧ್ಯಾಹ್ನ, ‘ಈಗ ಜನ ಇರಲ್ಲ, ಆರಾಮಾಗಿ ನೋಡ್ಬಹುದು’ ಅಂತ ಅತ್ತೆ-ಮಾವನನ್ನು ಕೋಟೆ ಹತ್ತಿಸಿದ ಅಳಿಯನದು ಮಿಸ್‌ಗೈಡೆಡ್ ಪ್ರೀತಿ. ಮನಸ್ಸು ಒಳ್ಳೆಯದೇ, ಲೆಕ್ಕ ತಪ್ಪಿತು. ಅವನನ್ನು ಮಿಸ್‌ಲೀಡಿಂಗ್ ಅಂದರೆ ಸುಮ್ನೆ ಮೋಸಗಾರನ ಪಟ್ಟ ಕಟ್ಟಿದಂತೆ.

ಕೊನೆಗೆ ಸ್ಪೆಲ್ಲಿಂಗ್. ಲೀಡ್ ಪದದ ಭೂತಕಾಲ ಲೆಡ್. ಸೀಸ ಅನ್ನುವ ಲೋಹವನ್ನೂ ಲೆಡ್ ಅಂತಲೇ ಓದುತ್ತಾರೆ, ಬರೆಯುವುದು ಮಾತ್ರ ಲೀಡ್ ಥರವೇ, ನಾಲ್ಕಕ್ಷರ. ಹಾಗಾಗಿ ಭೂತಕಾಲದಲ್ಲೂ ಎಷ್ಟೋ ಜನ ನಡುವೆ ಒಂದು ‘ಎ’ ತುರುಕುತ್ತಾರೆ. ಅನುಮಾನ ಬಂದಾಗ ತಲೆ ಎತ್ತಿ ಬಲ್ಬ್ ನೋಡಿ. ಎಲ್, ಇ, ಡಿ. ಮೂರೇ ಅಕ್ಷರ.