ಹೋಯ್ತು ಅಂದಿದ್ದ ಮೇಲ್ ಐಡಿ ಹಳೇ ಕೀಬೋರ್ಡಿನಿಂದ ವಾಪಸ್ ಬಂತು

ಮೊದಲೇ ಹೇಳಿಬಿಡುತ್ತೇನೆ, ಬಂತು. ನಲವತ್ತು ದಿನದ ಹತ್ತಿರ ಬೀಗ ಬಿದ್ದು ಕೂತಿದ್ದ ನನ್ನ ಅಂಗಡಿಯ ಜಿಮೇಲ್ ವಾಪಸ್ ಬಂತು. "ಮಾವ, ಅದು ಹೋಯ್ತು ಬಿಡಿ, ಹೊಸದು ಮಾಡ್ಕೊಳ್ಳಿ" ಅಂದಿದ್ದ ಬೆಂಗಳೂರಿನ ಅಳಿಯನಿಗೆ ಮೊದಲ ಮೇಲ್ ಅದರಿಂದಲೇ ಕಳಿಸಿದೆ. ಅವನು ದೊಡ್ಡ ಕಂಪನಿಯಲ್ಲಿ ಸಾಫ್ಟ್‌ವೇರ್. ನಾನು ಸಾಗರದಲ್ಲಿ ಡಿಟಿಪಿ, ಜೆರಾಕ್ಸ್, ಲ್ಯಾಮಿನೇಷನ್.

ನಮ್ಮಂಥವರಿಗೆ ಆ ಐಡಿ ಅಂದರೆ ಏನು ಅಂತ ಅಂಗಡಿ ಇಟ್ಟವರಿಗೆ ಬಿಡಿಸಿ ಹೇಳಬೇಕಿಲ್ಲ. 2010ರಿಂದ ಮಾಡಿದ ಲಗ್ನಪತ್ರಿಕೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ ಎಲ್ಲದರ ಫೈಲೂ ಅದರಲ್ಲಿ. ಮ್ಯಾಪಿನಲ್ಲಿ ಅಂಗಡಿಯ ಹೆಸರು ಸೇರಿಸಿದ್ದೂ ಅದೇ ಐಡಿಯಿಂದ. ಸಿಕ್ಕಿಹಾಕಿಕೊಂಡಿದ್ದು ಆಷಾಢದಲ್ಲಿ, ಮದುವೆ ಇರಲಿಲ್ಲ, ಅದೊಂದು ಪುಣ್ಯ.

ತಪ್ಪು ಪೂರ್ತಿ ನನ್ನದೇ. ಹೊಸ ಫೋನ್ ತಗೊಂಡೆ. ಹಳೆಯದನ್ನು ರೀಸೆಟ್ ಮಾಡಿ ಎಕ್ಸ್‌ಚೇಂಜಿಗೆ ಕೊಟ್ಟೆ. ಹೊಸದು ಪಾಸ್‌ವರ್ಡ್ ಕೇಳಿತು, ನೆನಪಿಲ್ಲ. ಒಟಿಪಿ ಹೋಗುವುದು ಅಂಗಡಿಯ ಎರಡನೇ ಸಿಮ್‌ಗೆ. ಅದಕ್ಕೆ ರೀಚಾರ್ಜ್ ಮಾಡದೆ ವರ್ಷವಾಗಿತ್ತು. ನಿಂತ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡುತ್ತಾರೆ ಅಂತ ಗಿರಾಕಿಗಳಿಗೆ ಪಾಠ ಹೇಳುತ್ತಿದ್ದವನು ನಾನೇ. ರಿಕವರಿಗೆ, ಅಂದರೆ ಹೋದ ಖಾತೆ ವಾಪಸ್ ಪಡೆಯಲು, ಕೊಟ್ಟಿದ್ದ ಇನ್ನೊಂದು ಮೇಲ್ ಬಳಸದೇ ಬಿಟ್ಟು ಎಂದೋ ಮುಚ್ಚಿಹೋಗಿತ್ತು.

ಆ ನಂಬರಿಗೆ ಫೋನ್ ಮಾಡಿದೆ. ಎತ್ತಿದವರು ಕಲಬುರಗಿ ಕಡೆಯವರು. ನಾನು ಹೆಸರು ಹೇಳುವುದಕ್ಕೂ ಮುಂಚೆ, "ಲಗ್ನಪತ್ರಿಕೆ ಅಂಗಡಿ ಏನ್ರೀ? ದಿನಾ ಒಬ್ರು ಫೋನ್ ಮಾಡಿ ಕಾರ್ಡ್ ರೆಡಿ ಆಯ್ತೇನು ಅಂತಾರ್ರೀ" ಅಂದರು. ಮ್ಯಾಪಿನಲ್ಲಿ ಇನ್ನೂ ಆ ನಂಬರೇ ಇತ್ತಲ್ಲ! ಒಂದೇ ಒಂದು ಒಟಿಪಿ ಹೇಳಿ ಅಂತ ಬೇಡಿದೆ. "ಒಟಿಪಿ ಮಾತ್ರ ಕೇಳಬ್ಯಾಡ್ರಿ" ಅಂತ ಇಟ್ಟೇಬಿಟ್ಟರು. ನಾನಾಗಿದ್ದರೂ ಕೊಡುತ್ತಿರಲಿಲ್ಲ.

ಆಮೇಲೆ ಮಾಡಿದ್ದು ಶುದ್ಧ ಪೆದ್ದುತನ. ಎರಡು ದಿನದಲ್ಲಿ ಮೂವತ್ತು ಸಲವಾದರೂ ರಿಕವರಿ ಒತ್ತಿರಬೇಕು. ಹೊಸ ಫೋನಿಂದ, ಪಕ್ಕದ ಅಂಗಡಿಯ ಲ್ಯಾಪ್‌ಟಾಪಿಂದ, ಒಮ್ಮೆ ನಾವಿರುವ ಜಾಗ ಮರೆಮಾಡುವ ವಿಪಿಎನ್ ಹಾಕಿಕೊಂಡು ಕೂಡ. ಪ್ರತಿ ಸಲವೂ ಈ ಖಾತೆ ನಿಮ್ಮದೇ ಅಂತ ಖಚಿತಪಡಿಸಿಕೊಳ್ಳಲು ಆಗಲಿಲ್ಲ ಅನ್ನುವ ಅದೇ ಸಾಲು. ಕೊನೆಕೊನೆಗೆ ಪ್ರಶ್ನೆ ಕೇಳುವುದನ್ನೂ ನಿಲ್ಲಿಸಿ, ಆಮೇಲೆ ಬಾ ಅಂತ ಕಳಿಸತೊಡಗಿತು. ಕಂಡಿರದ ಫೋನು, ಕಂಡಿರದ ನೆಟ್ಟು, ಮೇಲಿಂದ ಮೇಲೆ ಬಡಿತ. ಗೂಗಲ್ ನನ್ನನ್ನು ಕಳ್ಳ ಅಂದುಕೊಳ್ಳದೆ ಇನ್ನೇನು ಅಂದುಕೊಳ್ಳಬೇಕು?

ಇನ್ನೊಂದನ್ನು ನಾಚಿಕೆ ಬಿಟ್ಟು ಬರೆಯುತ್ತೇನೆ. ಟೆಲಿಗ್ರಾಂನಲ್ಲಿ ಒಬ್ಬ ಗ್ಯಾರಂಟಿ ಅಂದ. 1500 ಹಾಕಿದೆ. ಮರುದಿನ ನನ್ನ ಈಗಿನ ಫೋನಿಗೆ ಬಂದ ಒಟಿಪಿ ಕೇಳಿದ. ಅಲ್ಲಿಗೆ ತಲೆ ತಿರುಗಿ ನಿಂತಿತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟೆ, ದುಡ್ಡು ಬಂದಿಲ್ಲ.

ಹತ್ತು ದಿನ ಏನೂ ಮುಟ್ಟದೆ ಸುಮ್ನೆ ಇದ್ದೆ. ಆಗ ಹೊಳೆದದ್ದು ಹಳೇ ಸಿಪಿಯು. ಹತ್ತು ವರ್ಷ ಈ ಐಡಿ ತೆರೆದಿದ್ದು ಅದರಲ್ಲೇ. ಅದನ್ನು ತೀರ್ಥಹಳ್ಳಿಯ ಅಕ್ಕನ ಮನೆಗೆ, ಅವಳ ಚಿಕ್ಕ ಮಗನಿಗೆ ಅಂತ 1500ಕ್ಕೆ ಕೊಟ್ಟಿದ್ದೆ. ವಾಪಸ್ ಕೇಳಿದರೆ ಹುಡುಗ 2500 ಅಂದ! ಅಕ್ಕ ನಕ್ಕಳೇ ಹೊರತು ಮಗನಿಗೆ ಏನೂ ಹೇಳಲಿಲ್ಲ. ಕೊಟ್ಟೆ. ಮಳೆಯಲ್ಲಿ ಗೊಬ್ಬರದ ಚೀಲ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದೆ. ಬೆಂಗಳೂರಿನ ಅಳಿಯನಿಗೆ ಹೇಳಿದರೆ, "ಡಬ್ಬ ತಗೊಂಡು ಏನ್ ಮಾಡ್ತೀರಾ, ಮೇಲ್ ಇರೋದು ಅವರ ಸರ್ವರ್‌ನಲ್ಲಿ ಅಲ್ವಾ?" ಅಂದ. ಮೇಲ್ ಅಲ್ಲಿರಲಿ, ಗೂಗಲ್ ಕಂಡಿರುವ ಡಬ್ಬ ಇದೇ ಅಲ್ಲವೇ!

ಆನ್ ಆಗಲಿಲ್ಲ. ಒಳಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಸತ್ತಿತ್ತು, 650 ರೂಪಾಯಿ. ಆನ್ ಆಯಿತು, ಕ್ರೋಮ್ ಯಾವ ಪುಟವನ್ನೂ ತೆರೆಯಲೊಲ್ಲದು, ನಿಮ್ಮ ಗಡಿಯಾರ ಹಿಂದಿದೆ ಅನ್ನುತ್ತದೆ. ನೋಡಿದರೆ ತಾರೀಖು 2009ಕ್ಕೆ ಹೋಗಿ ಕೂತಿದೆ. ಬೋರ್ಡಿನ ಸೆಲ್ ಹೋಗಿತ್ತು, ಸಿಆರ್ 2032, ನಲವತ್ತು ರೂಪಾಯಿ. ವಿಂಡೋಸ್ 7, ಕ್ರೋಮ್ 109. ಅದರ ಮೇಲಿನದು ಆ ವಿಂಡೋಸ್‌ಗೆ ಬರುವುದೂ ಇಲ್ಲ. ಪಾಸ್‌ವರ್ಡ್ ಸೇವ್ ಆಗಿರಬಹುದು ಅಂತ ಹುಡುಕಿದೆ, ಹುಡುಗ ಎಲ್ಲ ಅಳಿಸಿದ್ದ. ಆದರೆ ಕ್ರೋಮ್‌ನಲ್ಲಿ ನನ್ನ ಪ್ರೊಫೈಲ್ ಹಾಗೇ ಇತ್ತು. ಅಂಗಡಿಯ ನೆಟ್ ಬದಲಾಗಿದೆ, ಮನೆಯ ಹಳೇ ಲ್ಯಾಂಡ್‌ಲೈನ್ ನೆಟ್ ಅದೇ ಇದೆ. ಹಾಗಾಗಿ ಸಿಪಿಯು ಮನೆಯ ಅಟ್ಟದ ಕೋಣೆಗೆ ಹೋಯಿತು, ಮೊದಲು ರಾತ್ರಿ ಕೆಲಸ ಮಾಡುತ್ತಿದ್ದ ಜಾಗಕ್ಕೇ.

ಉಳಿದದ್ದು ಪಾಸ್‌ವರ್ಡ್. ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದಲ್ಲಿ ಕೆಲಸ ಮಾಡುವವರಿಗೆ ಇದು ಅರ್ಥವಾಗುತ್ತದೆ. ನನ್ನ ಪಾಸ್‌ವರ್ಡ್‌ಗಳೆಲ್ಲ ಕನ್ನಡ ಪದಗಳು, ಕೀಬೋರ್ಡ್ ಮಾತ್ರ ಇಂಗ್ಲಿಷ್‌ನಲ್ಲಿ ಇಟ್ಟು ಒತ್ತಿದವು. 'ಮನೆ' ಅಂತ ಒತ್ತಿದರೆ ಎಂ, ಎನ್, ಇ ಬೀಳುತ್ತದಲ್ಲ, ಹಾಗೆ. ಫೋನಿನಲ್ಲಿ ಎಷ್ಟು ತಿಣುಕಿದರೂ ಬಾರದ್ದು ಅದಕ್ಕೇ. ಅಟ್ಟದಲ್ಲಿ ಹಳೇ ಟಿವಿಎಸ್ ಗೋಲ್ಡ್ ಕೀಬೋರ್ಡ್ ಇತ್ತು. ಧೂಳು ಕೊಡವಿ ಹಾಕಿ, ನೋಟ್‌ಪ್ಯಾಡ್ ತೆರೆದು, ಪರದೆ ನೋಡದೆ ಬೇರೆ ಏನೋ ಯೋಚಿಸುತ್ತಾ ಒತ್ತಿದೆ. ಟಕಟಕ ಅಂತ ಹತ್ತು ಅಕ್ಷರ ಬಿತ್ತು. ಬೆರಳಿಗೆ ನೆನಪಿತ್ತು, ನನಗಿರಲಿಲ್ಲ. ಕೊನೆಯ ಮೂರು ಅಂಕೆ ಮಾತ್ರ ಬರಲಿಲ್ಲ. ಅವನ್ನು ಹೇಗೆ ಹಿಡಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಈಗ ಗಿರಾಕಿಗಳಿಗೆ ಇದೇ ಕೆಲಸ ಮಾಡಿಕೊಟ್ಟು ನಾಲ್ಕು ಕಾಸು ನೋಡುತ್ತಿದ್ದೇನೆ, ಕ್ಷಮಿಸಿ.

ರಾತ್ರಿ ಹತ್ತರ ಮೇಲೆ, ನಾನು ಮೊದಲು ಮೇಲ್ ನೋಡುತ್ತಿದ್ದ ಹೊತ್ತಿಗೆ, ಒಂದೇ ಸಲ ರಿಕವರಿ ಪ್ರಯತ್ನ. ಹೊತ್ತಿಗೂ ಇದಕ್ಕೂ ಸಂಬಂಧ ಇರಲಿ ಬಿಡಲಿ, ನನ್ನ ಸಮಾಧಾನಕ್ಕೆ. ಯಾವ ಪ್ರಶ್ನೆಯನ್ನೂ ಹಾರಿಸಲಿಲ್ಲ. ಒಂದು ಉತ್ತರ ತಪ್ಪಾದರೆ ಹೊರಗೆ ಹಾಕುವುದಿಲ್ಲ, ಗೊತ್ತಿಲ್ಲ ಅಂತ ಬಿಡುವುದಕ್ಕಿಂತ ಅಂದಾಜಾದರೂ ಹೇಳುವುದು ವಾಸಿ. ಈ ಸಲ ಮಾತು ಬದಲಾಯಿತು. ಸಂಪರ್ಕಕ್ಕೆ ಒಂದು ಮೇಲ್ ಕೇಳಿತು, ಹೆಂಡತಿಯದು ಕೊಟ್ಟೆ, ಕಾಯಿ ಅಂದಿತು. ಎರಡು ದಿನದ ಮೇಲೆ ಲಿಂಕ್ ಬಂತು. ಬಿದ್ದಿದ್ದು ಸ್ಪ್ಯಾಮ್‌ನಲ್ಲಿ. ಅವಳು ನೋಡದಿದ್ದರೆ ಮತ್ತೆ ಮೊದಲಿಂದ.

ಒಟ್ಟು ಖರ್ಚು ಐದು ಸಾವಿರದ ಆಸುಪಾಸು, ಟೆಲಿಗ್ರಾಂನವನ ಪಾಲೂ ಸೇರಿ.

ಒಳಗೆ ಹೋದ ತಕ್ಷಣ ನಂಬರ್ ಬದಲಿಸಿದೆ. ಆದರೂ ಒಂದು ವಾರದವರೆಗೆ ಹಳೇ ನಂಬರಿಗೂ ಕೋಡ್ ಕಳಿಸಲು ಅವಕಾಶ ಇರುತ್ತದೆ. ಆ ಏಳು ದಿನ ಕಲಬುರಗಿಯವರು ಒಳ್ಳೆಯವರು ಅಂತ ಹೇಳಿಕೊಂಡೇ ಮಲಗಿದೆ. ಒಟಿಪಿ ಬಾರದಿದ್ದಾಗ ಬಳಸುವ ಎಂಟೆಂಟು ಅಂಕೆಯ ಹತ್ತು ಬ್ಯಾಕಪ್ ಕೋಡನ್ನು ಪ್ರಿಂಟ್ ತೆಗೆದು, ನಮ್ಮದೇ ಮೆಷಿನ್‌ನಲ್ಲಿ ಲ್ಯಾಮಿನೇಟ್ ಮಾಡಿ, ಬೀರುವಿನಲ್ಲಿ ಪಹಣಿ ಕಾಗದದ ಜೊತೆ ಇಟ್ಟಿದ್ದೇನೆ.

ಆಮೇಲೆ ಮೂವರು ಗಿರಾಕಿಗಳ ಮೇಲೆ ಪ್ರಯೋಗ ಮಾಡಿದೆ. ಎರಡು ಬಂತು, ಒಂದು ಇಲ್ಲ. ಒಬ್ಬ ಕಾಲೇಜು ಹುಡುಗಿಯ ಹಳೇ ಫೋನಿನಲ್ಲಿ ಐಡಿ ಲಾಗಿನ್ ಆಗೇ ಇತ್ತು, ಟಚ್ ಮಾತ್ರ ಸತ್ತಿತ್ತು. ಎಂಬತ್ತು ರೂಪಾಯಿಯ ಒಟಿಜಿ ಕೇಬಲ್ ಸಿಕ್ಕಿಸಿ ಮೌಸ್ ಹಾಕಿದೆ, ಬಾಣ ಬಂತು. ಸೆಟ್ಟಿಂಗ್ಸ್‌ನ ಗೂಗಲ್ ಒಳಗೆ ಸೆಕ್ಯುರಿಟಿ ಕೋಡ್ ಇರುತ್ತದೆ, ಹತ್ತು ಅಂಕೆ. ಅಷ್ಟು ಸಾಕಾಯಿತು. ಬಾರದೇ ಹೋದದ್ದು ಒಬ್ಬ ಅಡಿಕೆ ವ್ಯಾಪಾರಿಯದು. ಡೂಪ್ಲಿಕೇಟ್ ಸಿಮ್ ತಂದ ದಿನವೇ ಅವರೂ ನಾನೂ ಒಟಿಪಿಗೆ ಕಾದು ಕಾದು ಒತ್ತಿದೆವು. ಹೀಗೆ ಬದಲಿಸಿದ ಸಿಮ್‌ಗೆ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ ಅನ್ನುವುದು ನನಗೆ ಮರೆತೇಹೋಗಿತ್ತು. ಈಗ ಮತ್ತೆ ಹತ್ತು ದಿನ ಮುಟ್ಟಬೇಡಿ ಅಂದಿದ್ದೇನೆ.

ಸಿಪಿಯು ಅಟ್ಟದಲ್ಲೇ ಇದೆ. ತೀರ್ಥಹಳ್ಳಿಯ ಚಿಕ್ಕ ಅಳಿಯ ಗೇಮ್ ಆಡಲು ವಾಪಸ್ ಕೇಳುತ್ತಿದ್ದಾನೆ. ಮೂರೂವರೆ ಸಾವಿರ ಅಂದಿದ್ದೇನೆ.